ಆಳೂ ಸಿಗುವುದಿಲ್ಲ, ಮಗನಿಗೆ ಕೆಲಸವೂ ಸಿಗುವುದಿಲ್ಲ: ಹಾಗಾದರೆ ಕೊಡಗಿನ ನಿರುದ್ಯೋಗ ದರ ಎಷ್ಟು?

ಪ್ರಶ್ನೆ: ಮೇಡಂ, ನಾನು ನಾಪೋಕ್ಲು ಕಡೆಯ ಸಣ್ಣ ಬೆಳೆಗಾರ. ಮೂರು ಎಕರೆ ಕಾಫಿ, ಸ್ವಲ್ಪ ಗದ್ದೆ ಇದೆ. ಮನೆಯಲ್ಲಿ ಅಮ್ಮ, ನಾನು, ಹೆಂಡತಿ, ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆ ಬರೆಯುತ್ತಿರುವ ಮಗ, ಮಡಿಕೇರಿಯಲ್ಲಿ ಡಿಗ್ರಿ ಓದುವ ಮಗಳು. ಗ್ರಾಮ ಪಂಚಾಯಿತಿ ಸದಸ್ಯನೂ ಆಗಿದ್ದೇನೆ. ಭಾರತದ ನಿರುದ್ಯೋಗ ಶೇ. 3.2 ಎಂದು ಪೇಪರಿನಲ್ಲಿ ಓದಿದೆ. ಆಮೇಲೆ ಇನ್ನೊಂದು ಕಡೆ 5.1 ಅಂತ ಬಂತು. ಕೇರಳದಲ್ಲಿ 7.2, ಕರ್ನಾಟಕದಲ್ಲಿ 3ಕ್ಕಿಂತ ಕಡಿಮೆಯಂತೆ. ಜರ್ಮನಿಯಲ್ಲಿರುವ ಅಣ್ಣನ ಮಗ ಅಲ್ಲಿ 6 ಅನ್ನುತ್ತಾನೆ, ಇಂಟರ್‌ನೆಟ್‌ನಲ್ಲಿ ನೋಡಿದರೆ 3.4. ಆಫ್ರಿಕಾದ ನೈಜರ್ ದೇಶದಲ್ಲಿ ಶೇ. 1 ಕೂಡ ಇಲ್ಲವಂತೆ! ನಮ್ಮಲ್ಲಿ ಕುಯ್ಲಿಗೆ ಆಳು ಸಿಗುವುದಿಲ್ಲ, ಓದಿದ ಮಗ ಮನೆಯಲ್ಲಿ ಕೂತಿದ್ದಾನೆ. ಕೊಡಗಿನ ದರ ಎಷ್ಟು? ಇವನ್ನೆಲ್ಲ ಒಂದಕ್ಕೊಂದು ಹೋಲಿಸಬಹುದಾ? ಪಂಚಾಯಿತಿ ಸಭೆಯಲ್ಲಿ ಈ ಬಗ್ಗೆ ಮಾತಾಡಬೇಕಿದೆ.

ಉತ್ತರ: ಸಭೆಯಲ್ಲಿ ಮಾತಾಡಬೇಕು ಅಂದಿದ್ದೀರಿ, ಅದಕ್ಕೇ ಮೊದಲು ಧೈರ್ಯ ಹೇಳಿಬಿಡುತ್ತೇನೆ. ನೀವು ಬರೆದ ಅಂಕಿಗಳಲ್ಲಿ ಸುಳ್ಳು ಯಾವುದೂ ಇಲ್ಲ. 3.2 ಸರಿ, 5.1 ಸರಿ, ಜರ್ಮನಿಯ 6 ಮತ್ತು 3.4 ಎರಡೂ ಸರಿ. ಅವನ್ನು ಸಾಲಾಗಿ ನಿಲ್ಲಿಸಿ ಯಾರು ಉದ್ದ, ಯಾರು ಗಿಡ್ಡ ಅಂತ ನೋಡಲು ಹೊರಟಾಗ ಎಡವಟ್ಟಾಗುತ್ತದೆ. ಒಂದನ್ನು ಸೇರಿನಲ್ಲಿ ಅಳೆದಿದ್ದಾರೆ, ಇನ್ನೊಂದನ್ನು ಬಟ್ಟಿಯಲ್ಲಿ. ಭತ್ತ ಅಳೆದವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ.

ಜರ್ಮನಿಗೆ ಆಮೇಲೆ ಹೋಗೋಣ. ಮೊದಲು ನಿಮ್ಮ ಮನೆಯ ನಿರುದ್ಯೋಗ ದರ ಎಷ್ಟು ಅಂತ ಲೆಕ್ಕ ಹಾಕೋಣ.

ಐದು ಜನ ಇದ್ದೀರಿ. ನೀವು ತೋಟ ನೋಡುತ್ತೀರಿ, ಅಂದರೆ ಸ್ವಂತ ಉದ್ಯೋಗ. ಅಮ್ಮನಿಗೆ ವಯಸ್ಸಾಗಿದೆ, ಮಗಳು ಓದುತ್ತಿದ್ದಾಳೆ. ಇಬ್ಬರೂ ಲೆಕ್ಕದಿಂದ ಹೊರಗೆ. ನಿರುದ್ಯೋಗ ದರವನ್ನು ನೂರು ಜನರಲ್ಲಿ ಇಷ್ಟು ಅಂತ ಹೇಳುವುದಿಲ್ಲ, ಇದನ್ನು ಬಹಳ ಜನ ಮರೆಯುತ್ತಾರೆ. ದುಡಿಯುತ್ತಿರುವವರು ಮತ್ತು ಕೆಲಸ ಬೇಕು ಅನ್ನುವವರು, ಇವರಿಬ್ಬರನ್ನು ಕೂಡಿದರೆ ಶ್ರಮಶಕ್ತಿ. ಅದರಲ್ಲಿ ಕೆಲಸ ಸಿಗದವರು ಶೇಕಡಾ ಎಷ್ಟು ಅನ್ನುವುದೇ ನಿರುದ್ಯೋಗ ದರ. ಕೆಲಸ ಬೇಡ ಅನ್ನುವವರು ಈ ಭಾಗಾಕಾರದ ಮೇಲೂ ಬರುವುದಿಲ್ಲ, ಕೆಳಗೂ ಬರುವುದಿಲ್ಲ. ಕೆಲಸ ಸಿಗುವುದಿಲ್ಲ ಅಂತ ಸೋತು ಕೇಳುವುದನ್ನೇ ಬಿಟ್ಟವರೂ ಹೆಚ್ಚಿನ ದೇಶಗಳ ಲೆಕ್ಕದಲ್ಲಿ ಹಾಗೇ.

ಉಳಿದವರು ನಿಮ್ಮ ಹೆಂಡತಿ ಮತ್ತು ಮಗ. ನಿಮ್ಮ ಮನೆಯಲ್ಲಿ ಹಸು ಇದೆ, ಕುಯ್ಲಿನ ಹೊತ್ತಿನಲ್ಲಿ ಕಣದಲ್ಲಿ ಕಾಫಿ ಒಣಗಿಸುವ ಕೆಲಸ ಹೆಂಡತಿಯದೇ ಅಂತ ಇಟ್ಟುಕೊಳ್ಳುತ್ತೇನೆ. ಮಗ ವರ್ಷದ ಹೆಚ್ಚಿನ ದಿನ ಕೆಲಸ ಹುಡುಕುತ್ತಿರುತ್ತಾನೆ. ಜನವರಿ ಬಂದರೆ ಎರಡು ತಿಂಗಳು ನಿಮ್ಮ ಜೊತೆ ತೋಟದಲ್ಲಿ ನಿಂತು, ಸಂಜೆ ಯಾರು ಎಷ್ಟು ಕೆಜಿ ಕುಯ್ದರು ಅಂತ ತೂಕ ಹಾಕಿ ಬರೆಯುತ್ತಾನೆ. ತಪ್ಪಿದ್ದರೆ ಕ್ಷಮಿಸಿ, ಹತ್ತರಲ್ಲಿ ಎಂಟು ಮನೆಯಲ್ಲಿ ಹೀಗೇ ನಡೆಯುತ್ತದೆ.

ಈಗ ಸಮೀಕ್ಷೆಯವರು ಬಂದು ಕೇಳುತ್ತಾರೆ: "ಕಳೆದ ಒಂದು ವರ್ಷದಲ್ಲಿ ಹೆಚ್ಚಿನ ಕಾಲ ಯಾರು ಏನು ಮಾಡುತ್ತಿದ್ದಿರಿ?" ನೀವು ಉದ್ಯೋಗಿ. ಹೆಂಡತಿ ಮನೆಗೆಲಸ, ಅಂದರೆ ಲೆಕ್ಕದಿಂದ ಹೊರಗೆ. ಮಗ ನಿರುದ್ಯೋಗಿ. ಇಬ್ಬರಲ್ಲಿ ಒಬ್ಬನಿಗೆ ಕೆಲಸವಿಲ್ಲ. ನಿಮ್ಮ ಮನೆಯ ನಿರುದ್ಯೋಗ ಶೇ. 50.

ಅದೇ ಫಾರಂನಲ್ಲಿ ಮುಂದಿನ ಪ್ರಶ್ನೆ: "ಅದರ ಜೊತೆಗೆ 30 ದಿನಕ್ಕೆ ಕಡಿಮೆಯಿಲ್ಲದಂತೆ ಬೇರೆ ದುಡಿಮೆ ಏನಾದರೂ ಇತ್ತಾ?" ಹೆಂಡತಿಗೆ ಹಸು ಮತ್ತು ಕಣ ಇತ್ತು. ಮಗನಿಗೆ ಎರಡು ತಿಂಗಳ ಕುಯ್ಲು ಇತ್ತು. ಸಂಬಳ ಇಲ್ಲದಿದ್ದರೂ ಅದು ಮನೆಯ ತೋಟದ ದುಡಿಮೆಯೇ. ಈಗ ಮೂವರೂ ಉದ್ಯೋಗಿಗಳು. ನಿರುದ್ಯೋಗ ಸೊನ್ನೆ.

ಇನ್ನೊಂದು ಪ್ರಶ್ನೆ: "ಕಳೆದ ಏಳು ದಿನಗಳಲ್ಲಿ ಯಾವುದಾದರೂ ದಿನ ಒಂದು ಗಂಟೆಯಾದರೂ ದುಡಿದಿರಾ?" ಜನವರಿಯಲ್ಲಿ ಕೇಳಿದರೆ ಮೂವರೂ ಹೌದು ಅನ್ನುತ್ತೀರಿ, ಸೊನ್ನೆ. ಜುಲೈ ತಿಂಗಳ ಮಳೆಯಲ್ಲಿ ಕೇಳಿದರೆ ನೀವು ಚರಂಡಿ ಬಿಡಿಸಿದ್ದೀರಿ, ಹೆಂಡತಿ ಹಾಲು ಕರೆದಿದ್ದಾರೆ, ಮಗ ಅರ್ಜಿ ಹಾಕಿ ಕೂತಿದ್ದಾನೆ. ಮೂವರಲ್ಲಿ ಒಬ್ಬ, ಶೇ. 33.

ಮನೆ ಅದೇ, ಜನ ಅವರೇ, ವರ್ಷವೂ ಅದೇ. ದರ ಮಾತ್ರ 50, 0, 33. ಅಮೆರಿಕದವರು ಬಂದು ಕೇಳಿದ್ದರೆ ಇನ್ನೂ ಒಂದು ಉತ್ತರ ಬರುತ್ತಿತ್ತು. ಮನೆಯ ತೋಟ, ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುವವರು ವಾರಕ್ಕೆ 15 ಗಂಟೆ ಮಾಡಿದ್ದರೆ ಮಾತ್ರ ಅಲ್ಲಿ ಉದ್ಯೋಗಿ. ದಿನಕ್ಕೆ ಒಂದು ಗಂಟೆ ಹಸುವಿನ ಕೆಲಸ ಮಾಡುವ ನಿಮ್ಮ ಹೆಂಡತಿ ಆ ಲೆಕ್ಕಕ್ಕೇ ಇಲ್ಲ. ಮಗ ಸುಮ್ನೆ ಮೊಬೈಲ್‌ನಲ್ಲಿ ಜಾಹೀರಾತು ನೋಡುತ್ತಾ ಕೂತಿದ್ದನೋ, ಅರ್ಜಿ ಹಾಕಿದ್ದನೋ ಅಂತಲೂ ಕೇಳುತ್ತಾರೆ. ಬರೀ ಜಾಹೀರಾತು ನೋಡಿದ್ದರೆ ಅಮೆರಿಕದಲ್ಲಿ ಅವನು ನಿರುದ್ಯೋಗಿ ಅಲ್ಲ. ಗಡಿ ದಾಟಿ ಕೆನಡಾಕ್ಕೆ ಹೋದರೆ ನಿರುದ್ಯೋಗಿ! ಪಕ್ಕಪಕ್ಕದ ಎರಡು ದೇಶಗಳ ಕಥೆಯೇ ಹೀಗೆ. ನಮ್ಮ ದೇಶದ ಸಮೀಕ್ಷೆ ಇನ್ನೂ ಸಡಿಲ. ಹುಡುಕದೇ ಇದ್ದರೂ "ಕೆಲಸ ಸಿಕ್ಕರೆ ಮಾಡಲು ಸಿದ್ಧ" ಅಂದರೆ ನಿರುದ್ಯೋಗಿ ಅಂತ ಬರೆದುಕೊಳ್ಳುತ್ತಾರೆ.

ನೀವು ಓದಿದ 3.2 ಮತ್ತು 5.1ರ ಗಂಟು ಇಲ್ಲೇ ಬಿಚ್ಚಿಕೊಳ್ಳುತ್ತದೆ. ಕೇಂದ್ರ ಸರ್ಕಾರದ ಶ್ರಮಶಕ್ತಿ ಸಮೀಕ್ಷೆ, ಪಿಎಲ್‌ಎಫ್‌ಎಸ್ ಅನ್ನುತ್ತಾರೆ, 2017ರ ಏಪ್ರಿಲ್‌ನಲ್ಲಿ ಶುರುವಾಯಿತು. ಅದರ 2023-24ರ ವಾರ್ಷಿಕ ವರದಿಯ 3.2 ಎರಡನೇ ಪ್ರಶ್ನೆಯಿಂದ ಬಂದದ್ದು, ವರ್ಷದ ಲೆಕ್ಕ, 30 ದಿನ ದುಡಿದವರನ್ನೂ ಸೇರಿಸಿ. 2025ರಿಂದ ಪ್ರತಿ ತಿಂಗಳೂ ವರದಿ ಬರುತ್ತಿದೆ, ಅದು ಏಳು ದಿನದ ಪ್ರಶ್ನೆ. ಅದರಲ್ಲಿ ಮೊದಲು ಬಂದದ್ದು 2025ರ ಏಪ್ರಿಲ್ ತಿಂಗಳ 5.1. ಎರಡನ್ನೂ ಪಕ್ಕದಲ್ಲಿಟ್ಟು "ಒಂದೇ ವರ್ಷದಲ್ಲಿ ನಿರುದ್ಯೋಗ ಹೀಗೆ ಏರಿತಾ" ಅಂತ ಕೇಳಿದವರು ಇದ್ದಾರೆ. ಹಾಗೆ ಏರಿದ್ದಲ್ಲ, ಪ್ರಶ್ನೆ ಬದಲಾಗಿದೆ. 2011-12ರ ಸಮೀಕ್ಷೆಯಲ್ಲೂ ಹಾಗೇ. ವರ್ಷದ ಲೆಕ್ಕದಲ್ಲಿ 2.2, ವಾರದ ಒಂದೊಂದು ದಿನವನ್ನೂ ಬೇರೆಯಾಗಿ ಎಣಿಸುವ ದಿನದ ಲೆಕ್ಕದಲ್ಲಿ 5.6. ಮನೆಗಳು ಅವೇ. ನಮ್ಮಂಥ ದೇಶದ ನಿರುದ್ಯೋಗವನ್ನು ಒಂದೇ ಅಂಕಿಯಲ್ಲಿ ಹೇಳಲು ಹೋಗಬೇಡಿ ಅಂತ ನಿರುದ್ಯೋಗದ ಅಂದಾಜು ಪರಿಶೀಲಿಸಲು ಸರ್ಕಾರ ನೇಮಿಸಿದ್ದ ತಜ್ಞರ ದಾಂತ್ವಾಲಾ ಸಮಿತಿ 1970ರಲ್ಲೇ ಹೇಳಿತ್ತು. ಪೇಪರಿನ ತಲೆಬರಹದಲ್ಲಿ ಮೂರು ಅಂಕಿ ಹಿಡಿಸುವುದಿಲ್ಲ, ಏನು ಮಾಡುವುದು.

ಜರ್ಮನಿಯ ವಿಷಯ ಬೇಗ ಮುಗಿಸುತ್ತೇನೆ. ಎರಡೂ 2024ರ ಅಂಕಿಗಳು. ನಿಮ್ಮ ಅಣ್ಣನ ಮಗ ಹೇಳುವ 6 ಅಲ್ಲಿನ ಉದ್ಯೋಗ ಕಚೇರಿಯಲ್ಲಿ ಹೆಸರು ಬರೆಸಿದವರ ಲೆಕ್ಕ. ವಾರಕ್ಕೆ 15 ಗಂಟೆಗಿಂತ ಕಡಿಮೆ ಕೆಲಸ ಇದ್ದವರೂ ಅಲ್ಲಿ ನಿರುದ್ಯೋಗಿ ಅಂತ ಹೆಸರು ಬರೆಸಬಹುದು. 3.4 ಅನ್ನುವುದು ಮನೆ ಮನೆ ಸಮೀಕ್ಷೆಯಿಂದ, ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಳತೆಯಲ್ಲಿ ಬಂದದ್ದು. ಅಲ್ಲಿ ವಾರಕ್ಕೆ ಒಂದು ಗಂಟೆ ದುಡಿದರೂ ಉದ್ಯೋಗಿ. ದೇಶ ದೇಶ ಹೋಲಿಸುವಾಗ ಈ ಎರಡನೆಯದನ್ನೇ ಹಿಡಿಯಬೇಕು. ಕಚೇರಿಯ ಲೆಕ್ಕ ಆಯಾ ದೇಶದ ಕಾನೂನಿಗೆ ಅಂಟಿಕೊಂಡಿರುತ್ತದೆ. ಹೆಸರು ಬರೆಸಿದರೆ ಭತ್ಯೆ ಸಿಗುವ ಕಡೆ ಜನ ಬರೆಸುತ್ತಾರೆ, ಸಿಗದ ಕಡೆ ಯಾಕೆ ಬರೆಸುತ್ತಾರೆ? ನಮ್ಮ ಉದ್ಯೋಗ ವಿನಿಮಯ ಕಚೇರಿಗಳನ್ನು ನೆನೆಸಿಕೊಳ್ಳಿ. ಕೆಲಸ ಇದ್ದವರ ಕಾರ್ಡೂ ಅಲ್ಲಿ ಇರುತ್ತದೆ, ಇಲ್ಲದ ಎಷ್ಟೋ ಜನರ ಕಾರ್ಡು ಇರುವುದಿಲ್ಲ.

ಇನ್ನು ನೈಜರ್. ಅದನ್ನು ಹೇಳುವ ಮೊದಲು ಸಿದ್ದಾಪುರ ಕಡೆಯ ಒಂದು ಲೈನ್ ಮನೆಗೆ, ಅಂದರೆ ತೋಟದ ಆಳುಗಳ ಸಾಲುಮನೆಗೆ, ಕರೆದುಕೊಂಡು ಹೋಗುತ್ತೇನೆ. ಪಾಠ ಹೇಳುವ ಕೆಲಸಕ್ಕೆ ಬರುವ ಮೊದಲು ನಾನು ಕೆಲವು ವರ್ಷ ಮನೆ ಮನೆಗೆ ಹೋಗಿ ಇಂಥ ಫಾರಂ ತುಂಬಿದವಳು. ಅದು ಜುಲೈ ಕೊನೆ. ಮೂರು ದಿನದಿಂದ ಬಿಡದ ಮಳೆ. ಲೈನಿನ ಜಗಲಿಯಲ್ಲಿ ಎರವ ಬುಡಕಟ್ಟಿನ ಒಬ್ಬ ಹೆಂಗಸು ಒಲೆಗೆ ಹಸಿ ಸೌದೆ ಒಡ್ಡಿ ಊದುತ್ತಿದ್ದಳು. ನನ್ನ ಫಾರಂನಲ್ಲಿ ವಾರದ ಏಳು ದಿನಕ್ಕೆ ಏಳು ಕಾಲಂ. ಪೆನ್ನು ಹಿಡಿದು ಕೇಳಿದೆ.

"ಕಳೆದ ವಾರ ಕೆಲಸ ಇತ್ತಾ?"

"ಮಳೆ ಬಿಟ್ಟ ದಿನ ಇತ್ತು."

"ಎಷ್ಟು ದಿನ ಬಿಟ್ಟಿತ್ತು?"

ಬೆರಳು ಮಡಚಿ ಎರಡು ಅಂದಳು.

"ಉಳಿದ ದಿನ ಕೆಲಸ ಹುಡುಕಿದಿರಾ?"

ಅವಳಿಗೆ ನಗು ಬಂತು. "ಹುಡುಕೋದಾ? ಮೇಸ್ತ್ರಿ ಕೂಗಿದ್ರೆ ಹೋಗೋದು. ಕೂಗದಿದ್ರೆ ಇಲ್ಲ."

ವಾರದ ಲೆಕ್ಕದಲ್ಲಿ ಅವಳು ಉದ್ಯೋಗಿ. ವರ್ಷದ ಲೆಕ್ಕದಲ್ಲೂ ಉದ್ಯೋಗಿ. ಆ ಸಾಲಿನ ಎಂಟು ಮನೆಗಳಲ್ಲಿ ನನ್ನ ಫಾರಂನ ಪ್ರಕಾರ ಒಬ್ಬರೂ ನಿರುದ್ಯೋಗಿ ಇರಲಿಲ್ಲ. ಅಲ್ಲಿಂದ ಅರ್ಧ ಕಿಲೋಮೀಟರ್ ಮೇಲೆ, ಅದೇ ತೋಟದ ಮಾಲೀಕರ ಮನೆಯಲ್ಲಿ, ಎಂ.ಬಿ.ಎ. ಮಾಡಿ ತನಗೆ ತಕ್ಕ ಕೆಲಸಕ್ಕೆ ಕಾಯುತ್ತಿದ್ದ ಹುಡುಗ ಇದ್ದ. ಕಾಫಿ ಕೊಟ್ಟ, ಚೆನ್ನಾಗಿ ಮಾತಾಡಿಸಿದ. ಆ ದಿನ ನನ್ನ ಚೀಲದಲ್ಲಿದ್ದ ಒಬ್ಬನೇ ನಿರುದ್ಯೋಗಿ ಅವನು.

ನನಗೆ ಈ ವಿಷಯ ತಲೆಗೆ ಹತ್ತಿದ್ದು ಆ ದಿನವೇ. ಕೆಲಸವಿಲ್ಲದೆ ಕಾಯಲು ಬೆನ್ನ ಹಿಂದೆ ಯಾರಾದರೂ ಇರಬೇಕು. ಅಪ್ಪನ ತೋಟ, ಅಕ್ಕನ ಸಂಬಳ, ಇಲ್ಲವೇ ಸರ್ಕಾರದ ಭತ್ಯೆ. ಅದಿಲ್ಲದವರು ಸಿಕ್ಕಿದ್ದನ್ನು ಮಾಡುತ್ತಾರೆ, ಅರೆಹೊಟ್ಟೆಯಲ್ಲೇ ಉದ್ಯೋಗಿ ಅನ್ನಿಸಿಕೊಳ್ಳುತ್ತಾರೆ. ನಿರುದ್ಯೋಗ ದರ ಕಷ್ಟವನ್ನು ಅಳೆಯುತ್ತದೆ ಅಂತ ನಾವು ಓದುತ್ತೇವೆ. ಅದು ಅಳೆಯುವುದು ಕಾಯುತ್ತಿರುವವರನ್ನು.

ನೈಜರ್ ಜಗತ್ತಿನ ತೀರಾ ಬಡ ದೇಶಗಳಲ್ಲಿ ಒಂದು. ಹೆಚ್ಚಿನವರು ಸಜ್ಜೆ, ಜೋಳ ಬೆಳೆದು, ದನ ಮೇಯಿಸಿ ಬದುಕುತ್ತಾರೆ. ಭತ್ಯೆ ಇಲ್ಲ, ಕೂತು ಉಣ್ಣುವ ಹಾಗಿಲ್ಲ. ವಾರದಲ್ಲಿ ಒಂದು ಗಂಟೆ ದುಡಿಯದವರು ಅಲ್ಲಿ ಯಾರು ಇರುತ್ತಾರೆ? ದರ ಶೇ. 1ಕ್ಕಿಂತ ಕೆಳಗೆ ನಿಂತಿರುವುದು ಇದಕ್ಕೇ. ಕತಾರ್‌ನಲ್ಲೂ ದರ ಶೇ. 1ಕ್ಕಿಂತ ಎಷ್ಟೋ ಕಡಿಮೆ, ಆದರೆ ಕಾರಣ ಪೂರ್ತಿ ಬೇರೆ. ಅಲ್ಲಿ ದುಡಿಯುವವರಲ್ಲಿ ಬಹುಪಾಲು ಹೊರದೇಶದವರು. ಕೆಲಸ ಹೋದರೆ ವೀಸಾ ಹೋಗುತ್ತದೆ, ವಿಮಾನ ಹತ್ತಿ ಊರಿಗೆ ಬರುತ್ತಾರೆ. ಅವರ ನಿರುದ್ಯೋಗ ಕೇರಳದ, ಮಂಗಳೂರಿನ, ನಮ್ಮ ವಿರಾಜಪೇಟೆಯ ಲೆಕ್ಕಕ್ಕೆ ಸೇರುತ್ತದೆ. ದಕ್ಷಿಣ ಆಫ್ರಿಕಾ ನೈಜರ್‌ಗಿಂತ ಎಷ್ಟೋ ಪಾಲು ಶ್ರೀಮಂತ ದೇಶ, ಅಲ್ಲಿನ ದರ ಶೇ. 30ಕ್ಕೂ ಮೇಲೆ. ಕಪ್ಪು ಜನರ ಕೈಯಿಂದ ಜಮೀನು ಕಿತ್ತುಕೊಂಡ, ಪೇಟೆಯಲ್ಲಿ ವ್ಯಾಪಾರ ಮಾಡಲು ಬಿಡದ ಹಳೆಯ ಆಡಳಿತದ ಗಾಯ ಅದು. ಸಣ್ಣ ಹಿಡುವಳಿ, ಗೂಡಂಗಡಿ ಅಂತ ನಮ್ಮಲ್ಲಿ ಕೋಟ್ಯಂತರ ಜನರಿಗೆ ಇರುವ ಆಸರೆ ಅಲ್ಲಿ ಕಡಿಮೆ.

ಇನ್ನೂ ಒಂದು ಸಿಕ್ಕು ಇದೆ. ಮನೆಯ ಊಟಕ್ಕೆ ಭತ್ತ ಬೆಳೆಯುವವನು ಉದ್ಯೋಗಿಯೇ? ನಮ್ಮ ಸಮೀಕ್ಷೆ ಹೌದು ಅನ್ನುತ್ತದೆ. ಆದರೆ 2013ರಲ್ಲಿ ಅಂತಾರಾಷ್ಟ್ರೀಯ ಮಟ್ಟದಲ್ಲಿ ಒಪ್ಪಿದ ಹೊಸ ಅಳತೆಯಲ್ಲಿ, ಸಂಬಳ ಅಥವಾ ಲಾಭಕ್ಕೆ ಮಾಡಿದರೆ ಮಾತ್ರ ಉದ್ಯೋಗ. ಮುಖ್ಯವಾಗಿ ಸ್ವಂತ ಊಟಕ್ಕೆ ಬೆಳೆದರೆ ಅದು ಕೆಲಸ ಹೌದು, ಉದ್ಯೋಗ ಅಲ್ಲ. ಈ ಅಳತೆಗೆ ಹೋದ ದೇಶದಲ್ಲಿ ಒಂದೇ ಸಲ ಉದ್ಯೋಗಿಗಳ ಸಂಖ್ಯೆ ಇಳಿಯುತ್ತದೆ. ಹೊಲದಲ್ಲಿ ಒಂದು ತೆನೆಯೂ ಕಡಿಮೆಯಾಗಿರುವುದಿಲ್ಲ.

ಈಗ ಪಕ್ಕದ ಕೇರಳ. ಕುಟ್ಟದಲ್ಲಿ ನಿಂತರೆ ಆ ಕಡೆ ವಯನಾಡು, 2023-24ರ ಲೆಕ್ಕದಲ್ಲಿ ಶೇ. 7.2ರ ರಾಜ್ಯ. ಈ ಕಡೆ ನಾವು, 3ಕ್ಕಿಂತ ಕಡಿಮೆ. ಹಾಗಾದರೆ ಕೇರಳದಲ್ಲಿ ಕೆಲಸಕ್ಕೆ ಬರ, ನಮ್ಮಲ್ಲಿ ಸುಭಿಕ್ಷವೇ? ಕೂಲಿ ನೋಡಿ. 2022-23ರಲ್ಲಿ ಕೇರಳದ ಕೃಷಿ ಕೂಲಿ ದಿನಕ್ಕೆ ₹700 ದಾಟಿತ್ತು. ದೇಶದ ಸರಾಸರಿ ಅದರ ಅರ್ಧಕ್ಕಿಂತ ಕಡಿಮೆ, ₹345ರ ಆಸುಪಾಸು. ಕೈಗೆಲಸಕ್ಕೆ ಅಷ್ಟು ಬೇಡಿಕೆ ಇರುವ ಕಡೆ ನಿರುದ್ಯೋಗಿಗಳು ಯಾರು? ಓದಿದ ಮಕ್ಕಳು. ಕೇರಳದಲ್ಲಿ 15ರಿಂದ 29 ವಯಸ್ಸಿನವರ ನಿರುದ್ಯೋಗ 2023-24ರಲ್ಲಿ ಸುಮಾರು ಶೇ. 30. ಓದು ಜಾಸ್ತಿ, ಹೆಣ್ಣುಮಕ್ಕಳೂ ಕೆಲಸ ಬೇಕು ಅನ್ನುತ್ತಾರೆ, ಗಲ್ಫ್‌ನಿಂದ ದುಡ್ಡು ಬರುವ ಮನೆಗಳಿಗೆ ಕಾಯುವ ತಾಕತ್ತೂ ಇದೆ. ಆ ವರ್ಷ ಗೋವಾದ ದರ ಇನ್ನೂ ಜಾಸ್ತಿ, 8.5. ಮಧ್ಯಪ್ರದೇಶದ್ದು ಬರೀ 1. ಕೆಲಸ ಹುಡುಕಿಕೊಂಡು ಗೋವಾದಿಂದ ಮಧ್ಯಪ್ರದೇಶಕ್ಕೆ ರೈಲು ಹತ್ತಿದವರನ್ನು ನಾನಂತೂ ನೋಡಿಲ್ಲ.

ನಮ್ಮ ತೋಟಗಳನ್ನೇ ನೋಡಿ. ಅಸ್ಸಾಂ, ಬಂಗಾಳ, ಜಾರ್ಖಂಡ್‌ನಿಂದ ಕುಯ್ಲಿಗೆ ಜನ ಬರುತ್ತಾರೆ. 2023-24ರಲ್ಲಿ ಜಾರ್ಖಂಡ್‌ನ ನಿರುದ್ಯೋಗ ದರ ಶೇ. 2ಕ್ಕಿಂತ ಕಡಿಮೆ, ನಮಗಿಂತ ಚೆನ್ನಾಗಿತ್ತು! ಅಲ್ಲಿಂದ ಎರಡು ಸಾವಿರ ಕಿಲೋಮೀಟರ್ ಹತ್ತಿರ ಪ್ರಯಾಣ ಮಾಡಿ ಬಂದು ನಮ್ಮ ಚಳಿಯಲ್ಲಿ ಕಾಫಿ ಕುಯ್ಯುತ್ತಾರೆ. ದರ ನೋಡಿ ಊರು ಬಿಡುವವರು ಯಾರೂ ಇಲ್ಲ, ಕೂಲಿ ನೋಡಿ ಬಿಡುತ್ತಾರೆ. ಹೀಗೆ ಎರಡು ಮೂರು ತಿಂಗಳಿಗೆ ಬಂದವರು ಸಮೀಕ್ಷೆಯಲ್ಲಿ ಕೊಡಗಿನ ಲೆಕ್ಕಕ್ಕೆ ಬರುವುದೂ ಇಲ್ಲ. ಆರು ತಿಂಗಳು ಇಲ್ಲಿ ಇದ್ದರೆ, ಇರುವ ಉದ್ದೇಶ ಇದ್ದರೆ ಮಾತ್ರ ಇಲ್ಲಿನವರು. ಇಲ್ಲದಿದ್ದರೆ ಅವರ ಊರಿನ ಮನೆಯಲ್ಲೇ ಅವರ ಹೆಸರು.

ಇದು ಎರಡೂ ಕಡೆ ಕೊಯ್ಯುವ ಕತ್ತಿ. ನಿಮ್ಮ ಮಗನ ಜೊತೆ ಓದಿದವರಲ್ಲಿ ಎಷ್ಟು ಜನ ಈಗ ಬೆಂಗಳೂರಿನ ಪಿಜಿಗಳಲ್ಲಿ ಕೂತು ಕೆಲಸ ಹುಡುಕುತ್ತಿದ್ದಾರೆ? ಅವರು ಅಲ್ಲಿನ ಲೆಕ್ಕ. ಕೊಡಗು ತನ್ನ ನಿರುದ್ಯೋಗದ ಒಂದು ಪಾಲನ್ನು ಬಸ್ಸು ಹತ್ತಿಸಿ ಕಳಿಸುತ್ತದೆ. ಊರು ಬಿಟ್ಟವರು ಜಾಸ್ತಿಯಾದಷ್ಟೂ ಊರಿನ ದರ ಇಳಿಯುತ್ತದೆ, ಊರು ಉದ್ಧಾರ ಆಗದೆಯೂ. ಜಿಲ್ಲೆ ಜಿಲ್ಲೆ ಹೋಲಿಸುವಾಗ ಈ ತೊಂದರೆ ದೇಶ ದೇಶ ಹೋಲಿಸುವುದಕ್ಕಿಂತ ಜಾಸ್ತಿ. ಸುಂಟಿಕೊಪ್ಪದಿಂದ ಮೈಸೂರಿಗೆ ಹೋಗಲು ಪಾಸ್‌ಪೋರ್ಟ್ ಬೇಡ ನೋಡಿ.

ಹಾಗಂತ ಪ್ರದೇಶಗಳ ಹೋಲಿಕೆಯೇ ದಂಡ ಅಂತ ನಾನು ಹೇಳುತ್ತಿಲ್ಲ. ಇಟಲಿಯ ಉತ್ತರದ ಬೆಟ್ಟದ ಮೇಲೆ ಬೊಲ್ಜಾನೊ ಅನ್ನುವ ಪ್ರಾಂತ ಇದೆ. ಸೇಬು ತೋಟ, ದ್ರಾಕ್ಷಿ, ಪ್ರವಾಸಿಗರು. ಒಂಥರಾ ಅವರ ಕೊಡಗು. ಅಲ್ಲಿ ನಿರುದ್ಯೋಗ ಶೇ. 2-3. ಅದೇ ದೇಶದ ದಕ್ಷಿಣ ತುದಿಯ ಕಲಾಬ್ರಿಯಾದಲ್ಲಿ ಎರಡಂಕಿ. ಒಂದೇ ಸರ್ಕಾರ, ಒಂದೇ ಫಾರಂ, ಒಂದೇ ಪ್ರಶ್ನೆ. ಇಂಥ ಕಡೆ ಕಾಣುವ ಅಂತರವನ್ನು ನಂಬಬಹುದು. ಅಲ್ಲಿ ಉದ್ಯೋಗಿಗಳ ಪ್ರಮಾಣ, ಸಂಬಳ ಎಲ್ಲವೂ ಅದೇ ಮಾತು ಹೇಳುತ್ತವೆ.

2018ರ ಆಗಸ್ಟ್ ನೆನಪಿದೆಯಲ್ಲ. ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದು ಜಿಲ್ಲೆಗೆ ಪ್ರವಾಸಿಗರು ಬರುವುದೇ ನಿಂತಿತು. ಹೋಮ್‌ಸ್ಟೇಗಳಲ್ಲಿ ಅಡುಗೆ ಮಾಡುವವರು, ಜೀಪು ಓಡಿಸುವವರು ಮನೆಗೆ ಹೋದರು. "ಜನ ಬಂದಾಗ ಕರೀತೀವಿ" ಅಂತ ಮಾಲೀಕರು ಹೇಳಿ ಕಳಿಸಿದರು. ಇವರು ನಿರುದ್ಯೋಗಿಗಳೇ? ಅಮೆರಿಕದ ಲೆಕ್ಕದಲ್ಲಿ ಹೌದು. ವಾಪಸ್ ಕರೆಯುವ ಭರವಸೆಯಲ್ಲಿ ಕಾಯುವವರು ಬೇರೆ ಕೆಲಸ ಹುಡುಕದಿದ್ದರೂ ಅಲ್ಲಿ ನಿರುದ್ಯೋಗಿಗಳು. ಯುರೋಪಿನ ಹಲವು ದೇಶಗಳಲ್ಲಿ ಸರ್ಕಾರ ಸಂಬಳದ ಒಂದು ಪಾಲು ಕೊಟ್ಟು ಅವರನ್ನು ಅದೇ ಕಂಪನಿಯ ಪಟ್ಟಿಯಲ್ಲಿ ಉಳಿಸುತ್ತದೆ. ಅಲ್ಲಿ ಅವರು ಉದ್ಯೋಗಿಗಳು. ನಮ್ಮಲ್ಲಿ ಆ ವಾರ ಅಪ್ಪನ ಗದ್ದೆಗೆ ಇಳಿದಿದ್ದರೆ ಉದ್ಯೋಗಿ, ಇಳಿಯದೆ ಕೆಲಸ ಬೇಕು ಅಂದಿದ್ದರೆ ನಿರುದ್ಯೋಗಿ.

ಕೊರೊನಾ ಬಂದಾಗ ಇಡೀ ಜಗತ್ತಿನಲ್ಲಿ ಇದೇ ಆಯಿತು. 2020ರ ಏಪ್ರಿಲ್‌ನಲ್ಲಿ ಅಮೆರಿಕದ ದರ ಶೇ. 14.8ಕ್ಕೆ ಹಾರಿತು. ಯುರೋಪ್ ಒಕ್ಕೂಟದಲ್ಲಿ 7ರ ಆಸುಪಾಸಿನಲ್ಲೇ ನಿಂತಿತ್ತು. ಇಟಲಿಯಲ್ಲಂತೂ ದರ ಇಳಿಯಿತು! ಊರೆಲ್ಲ ಬಾಗಿಲು ಹಾಕಿದಾಗ ಕೆಲಸ ಹುಡುಕಲು ಹೋಗುವುದು ಹೇಗೆ? ಹುಡುಕದಿದ್ದರೆ ನಿರುದ್ಯೋಗಿ ಅಲ್ಲ. ಆ ತಿಂಗಳ ಇಟಲಿಯನ್ನು ನೋಡಿ ಯಾರಾದರೂ "ಅಲ್ಲಿ ಪರವಾಗಿಲ್ಲ" ಅಂದಿದ್ದರೆ ಏನನ್ನಬೇಕು?

ಆದ್ದರಿಂದ ದರದ ಪಕ್ಕ ಯಾವಾಗಲೂ ಇನ್ನೊಂದು ಅಂಕಿ ಇಟ್ಟು ನೋಡಿ. ನೂರು ಜನ ವಯಸ್ಕರಲ್ಲಿ ಎಷ್ಟು ಜನ ದುಡಿಯುತ್ತಿದ್ದಾರೆ, ಯಾವ ಥರದ ದುಡಿಮೆ? ನಮ್ಮ ದೇಶದ ದರ 2017-18ರಲ್ಲಿ 6 ಇತ್ತು, 2023-24ಕ್ಕೆ 3.2ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಶ್ರಮಶಕ್ತಿಗೆ ಸೇರಿದ, ಅಂದರೆ ದುಡಿಯುವ ಇಲ್ಲವೇ ಕೆಲಸ ಬೇಕು ಅನ್ನುವ ಹೆಂಗಸರ ಪ್ರಮಾಣ ಶೇ. 23.3ರಿಂದ ಶೇ. 41.7ಕ್ಕೆ ಏರಿತು. ಇಷ್ಟು ಕೇಳಿದರೆ ಚಪ್ಪಾಳೆ ತಟ್ಟಬೇಕು ಅನ್ನಿಸುತ್ತದೆ. ಆದರೆ ಮನೆಯ ಜಮೀನು, ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುವವರ ಪಾಲೂ ಏರಿತು, ಒಟ್ಟು ಉದ್ಯೋಗಿಗಳಲ್ಲಿ ಸುಮಾರು ಶೇ. 14ರಿಂದ ಶೇ. 19ಕ್ಕೆ. ತಿಂಗಳ ಸಂಬಳದವರು 2023-24ರಲ್ಲಿ ಶೇ. 22ರ ಹತ್ತಿರ ಮಾತ್ರ. ನಿಮ್ಮ ಹೆಂಡತಿಯ ಕಣದ ಕೆಲಸವನ್ನು ಲೆಕ್ಕಕ್ಕೆ ಹಿಡಿದದ್ದು ಒಳ್ಳೆಯದೇ, ಅದು ಹಿಂದೆ ಬಿಟ್ಟುಹೋಗುತ್ತಿತ್ತು. ಆದರೆ ಅವರಿಗೆ ಹೊಸ ಕೆಲಸ ಸಿಕ್ಕಿತು ಅಂತ ಯಾರಾದರೂ ಭಾಷಣ ಮಾಡಿದರೆ ನೀವು ನಗಬಹುದು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಕೊಡಗಿನ ದರ ಎಷ್ಟು? ಸಭೆಯಲ್ಲಿ ಯಾವ ಅಂಕಿಯನ್ನೂ ಹೇಳಬೇಡಿ ಅನ್ನುವುದೇ ನನ್ನ ಸಲಹೆ. ಪಿಎಲ್‌ಎಫ್‌ಎಸ್ ಶುರುವಾದಾಗ ರಾಜ್ಯ ಮಟ್ಟದ ಲೆಕ್ಕಕ್ಕೆ ತಕ್ಕಂತೆ ಮನೆಗಳನ್ನು ಆರಿಸುತ್ತಿದ್ದರು. 2025ರಿಂದ ಹೆಚ್ಚಿನ ಕಡೆ ಜಿಲ್ಲೆಯನ್ನೇ ಘಟಕ ಮಾಡಿ ಮನೆ ಆರಿಸುತ್ತಿದ್ದಾರೆ, ಮನೆಗಳ ಸಂಖ್ಯೆಯೂ ದೇಶಕ್ಕೆ ಒಟ್ಟು 2.72 ಲಕ್ಷಕ್ಕೆ ಏರಿದೆ. ದೊಡ್ಡ ಅಂಕಿ ಅಂತ ಕಾಣುತ್ತದೆ. ಸುಮಾರು 780 ಜಿಲ್ಲೆಗೆ ಹಂಚಿ ನೋಡಿ, ಜಿಲ್ಲೆಗೆ ಸರಾಸರಿ 350 ಮನೆ. ಕೊಡಗು 2011ರ ಜನಗಣತಿಯಲ್ಲಿ 5,54,519 ಜನರ ಜಿಲ್ಲೆ, ಜನಸಂಖ್ಯೆಯಲ್ಲಿ ರಾಜ್ಯದಲ್ಲೇ ಚಿಕ್ಕದು. ನಮ್ಮ ಪಾಲಿಗೆ ಅಷ್ಟೂ ಬರಲಾರದು. ಬಂತು ಅಂತಲೇ ಇಟ್ಟುಕೊಳ್ಳಿ. 350 ಮನೆ, ಮನೆಗೆ ಇಬ್ಬರ ಮೇಲೆ ಸ್ವಲ್ಪ ಲೆಕ್ಕ ಹಿಡಿದರೆ ಶ್ರಮಶಕ್ತಿಯಲ್ಲಿ 750 ಜನ. ದರ ಶೇ. 3 ಅಂದರೆ ಅದರಲ್ಲಿ 22 ಜನ ನಿರುದ್ಯೋಗಿಗಳು. ಆರಿಸಿದ ಮನೆಗಳ ಬದಲು ಪಕ್ಕದ ಮನೆಗಳು ಬಂದಿದ್ದರೆ 12 ಆಗಬಹುದಿತ್ತು, 33 ಆಗಬಹುದಿತ್ತು. ಅಂದರೆ ಶೇ. 1.6ರಿಂದ 4.4ರವರೆಗೆ ಏನು ಬೇಕಾದರೂ. "ಹಾಸನದಲ್ಲಿ 2.8, ಕೊಡಗಿನಲ್ಲಿ 3.4, ನಾವು ಹಿಂದುಳಿದಿದ್ದೇವೆ" ಅಂತ ನಾಳೆ ಯಾರಾದರೂ ಬರೆದರೆ ಆ ಅಂತರದಲ್ಲಿ ಹುರುಳಿಲ್ಲ. ಕೇರಳದ 7.2, ಮಧ್ಯಪ್ರದೇಶದ 1 ಹಾಗಲ್ಲ. ಅಲ್ಲಿ ಮನೆಗಳು ಸಾಕಷ್ಟು ಇವೆ, ಅಂತರವೂ ದೊಡ್ಡದು.

ತಿಂಗಳೂ ನೋಡಬೇಕು. ಅಮೆರಿಕ, ಯುರೋಪಿನವರು ಋತುವಿನ ಏರಿಳಿತ ತೆಗೆದು ಅಂಕಿ ಪ್ರಕಟಿಸುತ್ತಾರೆ. ನಮ್ಮ ತಿಂಗಳ ಅಂಕಿ ಹಸಿ ಅಂಕಿ. ಕೊಡಗಿನಲ್ಲಿ ನವೆಂಬರಿನಿಂದ ಅರೇಬಿಕಾ, ಹೊಸ ವರ್ಷದ ಮೇಲೆ ರೋಬಸ್ಟಾ, ಅದರ ಹಿಂದೆಯೇ ಕರಿಮೆಣಸು. ಮಾರ್ಚ್ ದಾಟಿದರೆ ಹೂ ಮಳೆ ನೋಡುತ್ತಾ ಕೂರುವುದು. ನಾನೇ ಒಮ್ಮೆ ಫೆಬ್ರವರಿಯ ಫಾರಂಗಳನ್ನು ಆಗಸ್ಟ್‌ನ ಫಾರಂಗಳ ಪಕ್ಕ ಇಟ್ಟು "ಆರು ತಿಂಗಳಲ್ಲಿ ಪರಿಸ್ಥಿತಿ ಕೆಟ್ಟಿದೆ" ಅಂತ ಉದ್ದದ ಟಿಪ್ಪಣಿ ಬರೆದಿದ್ದೆ. ನನ್ನ ಮೇಲಿನ ಅಧಿಕಾರಿ ಅದನ್ನು ಓದಿ, ಕಿಟಕಿಯ ಹೊರಗೆ ಸುರಿಯುತ್ತಿದ್ದ ಮಳೆ ತೋರಿಸಿ, ಏನೂ ಹೇಳದೆ ವಾಪಸ್ ಕೊಟ್ಟರು. ಫೆಬ್ರವರಿಯನ್ನು ಹಿಂದಿನ ಫೆಬ್ರವರಿಯ ಜೊತೆಗೇ ಹೋಲಿಸಬೇಕು.

ಆಳು ಸಿಗದೆ ಮಗನಿಗೂ ಕೆಲಸ ಸಿಗದೆ ಇರುವುದು ನಿಮಗೆ ವಿಚಿತ್ರ ಅನ್ನಿಸಿದೆ. ನನಗೆ ಅನ್ನಿಸುವುದಿಲ್ಲ. "ಆಳು ಸಿಗುವುದಿಲ್ಲ" ಅನ್ನುವುದು ಅರ್ಧ ಮಾತು. ಈ ಕೂಲಿಗೆ, ಈ ಮೂರು ತಿಂಗಳಿಗೆ, ಈ ಲೈನ್ ಮನೆಯಲ್ಲಿ ಇದ್ದು ಕುಯ್ಯಲು ಆಳು ಸಿಗುವುದಿಲ್ಲ ಅನ್ನುವುದು ಪೂರ್ತಿ ಮಾತು. ಬೆಳೆಗಾರರಿಗೆ ಇದು ಕಹಿಯಾಗಬಹುದು. ಮಗನದೂ ಹಾಗೇ: ಅವನಿಗೆ ಕೆಲಸ ಇಲ್ಲ ಅಂತಲ್ಲ, ಬಿ.ಕಾಂ.ಗೆ ತಕ್ಕ ಕೆಲಸ ನಾಪೋಕ್ಲುವಿನಲ್ಲಿ ಇಲ್ಲ. ಎರಡು ಬೇರೆ ಬೇರೆ ಸಂತೆಗಳು ಇವು. ಒಂದರಲ್ಲಿ ಕೊಳ್ಳುವವರು ಜಾಸ್ತಿ, ಇನ್ನೊಂದರಲ್ಲಿ ಮಾರುವವರು ಜಾಸ್ತಿ. ಎರಡನ್ನೂ ಕೂಡಿಸಿ ಭಾಗಿಸಿ ಒಂದು ಸರಾಸರಿ ತೆಗೆದರೆ ಎಲ್ಲ ಸರಿಯಾಗಿದೆ ಅಂತ ಕಾಣುತ್ತದೆ.

ಸಭೆಯಲ್ಲಿ ಮಾತಾಡಲು ನಿಮಗೆ ಸರ್ಕಾರದ ಅಂಕಿ ಬೇಕಿಲ್ಲ. ನಿಮ್ಮ ಪಂಚಾಯಿತಿಯ ಒಂದು ವಾರ್ಡಿನಲ್ಲಿ ಎಷ್ಟು ಮನೆ ಇದ್ದಾವು, 150? ಎರಡು ಶನಿವಾರ ಸಾಕು. ಲೈನ್ ಮನೆಗಳನ್ನು, ಪೈಸಾರಿಯ, ಅಂದರೆ ಸರ್ಕಾರಿ ಜಾಗದ ಮನೆಗಳನ್ನು ಬಿಡಬೇಡಿ. ಬಿಟ್ಟರೆ ಲೆಕ್ಕ ಮಾಡದಿರುವುದೇ ಮೇಲು. 15 ವರ್ಷ ದಾಟಿದ ಒಬ್ಬೊಬ್ಬರ ಬಗ್ಗೆಯೂ ಕೇಳಿ: ಕಳೆದ ಏಳು ದಿನದಲ್ಲಿ ಎಷ್ಟು ದಿನ ದುಡಿದಿರಿ, ಕೈಗೆ ಎಷ್ಟು ದುಡ್ಡು ಬಂತು, ಇನ್ನೂ ಕೆಲಸ ಸಿಕ್ಕರೆ ಮಾಡುತ್ತಿದ್ದಿರಾ? ಓದು ಎಲ್ಲಿಯವರೆಗೆ ಅಂತ ಪಕ್ಕದಲ್ಲಿ ಬರೆದುಕೊಳ್ಳಿ. ಹೆಂಗಸರ ಬಗ್ಗೆ ಗಂಡಸರನ್ನು ಕೇಳಬೇಡಿ, "ಅವಳು ಮನೆಯಲ್ಲೇ ಇರ್ತಾಳೆ" ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಅವರನ್ನೇ ಕೇಳಿ. ಊರು ಬಿಟ್ಟು ಹೋದ ಮಕ್ಕಳ ಹೆಸರಿಗೆ ಬೇರೆ ಹಾಳೆ ಇಡಿ.

ಇದನ್ನು ಜುಲೈಯಲ್ಲಿ ಒಮ್ಮೆ ಮಾಡಿ. ಅದೇ ಮನೆಗಳಿಗೆ, ಅದೇ ಪ್ರಶ್ನೆ ಹಿಡಿದು, ಜನವರಿಯ ಕೊನೆಯ ವಾರ ಇನ್ನೊಮ್ಮೆ ಹೋಗಿ. ಜುಲೈಗೆ ಕೊಡೆ ಮರೆಯಬೇಡಿ, ಫಾರಂಗೆ ಒಂದು ಪ್ಲಾಸ್ಟಿಕ್ ಚೀಲವೂ ಇರಲಿ.